ಎಟಿ ಟೈರ್‌ಗೆ ಎಷ್ಟು ಗಾಳಿ? ತೋಟದ ದಾರಿ, ಹೈವೇ ಎರಡರಲ್ಲೂ ಓಡಿಸುವವರ ಅನುಭವ

ಪ್ರಶ್ನೆ, ಮೂಡಿಗೆರೆಯಿಂದ:
ಹಳೇ ಫಾರ್ಚೂನರ್‌ಗೆ ಈಚೆಗೆ 265/65 ಆರ್17 ಅಳತೆಯ ಎಟಿ (ಆಲ್ ಟೆರೇನ್, ಅಂದರೆ ಮಣ್ಣು, ಟಾರ್ ಎರಡಕ್ಕೂ ಆಗುವ) ಟೈರ್ ಹಾಕಿಸಿದೆ. ಕಂಪನಿಯವರು ಬಾಗಿಲಿಗೆ ಅಂಟಿಸಿರುವ ಗಾಳಿಯ ಸ್ಟಿಕರ್‌ನಲ್ಲಿ 29 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಅಂತಿದೆ. ಟೈರ್ ಅಂಗಡಿಯವರು 40 ಹಾಕಿ ಕಳಿಸಿದರು, ಗಾಡಿ ಕಲ್ಲಿನ ಮೇಲೆ ಕುಣಿಯುತ್ತದೆ. ಸ್ನೇಹಿತರೊಬ್ಬರು 25ಕ್ಕೆ ಇಳಿಸಿ ಅಂತಾರೆ. ವಾರವಿಡೀ ತೋಟದ ದಾರಿ, ವಾರದ ಕೊನೆಗೆ ಹಾಸನದ ಮೇಲೆ ಬೆಂಗಳೂರು. ನೀವೆಲ್ಲ ಎಷ್ಟು ಇಡ್ತೀರಿ?

ಹಾಸನದಿಂದ:
ಮೊದಲು ಟೈರಿನ ಪಕ್ಕದ ಬರಹ ಓದಿ. ಅಳತೆಯ ಮುಂದೆ 'ಎಲ್‌ಟಿ' ಅಂತ ಇದೆಯಾ? ಉತ್ತರ ಪೂರ್ತಿ ಇದರ ಮೇಲೆ ನಿಂತಿದೆ. ಎಲ್‌ಟಿ ಅಂದರೆ ಲೈಟ್ ಟ್ರಕ್ ಟೈರ್. ಅದರ ಪದರ ದಪ್ಪ, ಅದೇ ಭಾರ ಹೊರಲು ಅದಕ್ಕೆ ಜಾಸ್ತಿ ಗಾಳಿ ಬೇಕು. ಸಾಮಾನ್ಯವಾಗಿ ಸ್ಟಿಕರ್ ನಂಬರಿಗಿಂತ 6ರಿಂದ 10 ಪಿಎಸ್‌ಐ ಮೇಲೆ ಇಡಬೇಕಾಗುತ್ತದೆ. ಸರಿಯಾದ ಅಂಕಿ ಟೈರ್ ಕಂಪನಿಯ ಲೋಡ್ ಟೇಬಲ್‌ನಲ್ಲಿ (ಎಷ್ಟು ಭಾರಕ್ಕೆ ಎಷ್ಟು ಗಾಳಿ ಎನ್ನುವ ಪಟ್ಟಿ) ಸಿಗುತ್ತದೆ, ಕೇಳಿ ತಗೊಳ್ಳಿ. ಎಲ್‌ಟಿ ಇಲ್ಲದಿದ್ದರೆ ಅದು ನಿಮ್ಮ ಹಳೇ ಟೈರಿನ ಜಾತಿಯದೇ. ಆಗ ಸ್ಟಿಕರ್‌ನಿಂದಲೇ ಶುರು ಮಾಡಿ, ಬೇಕಿದ್ದರೆ 2-3 ಏರಿಸಿ. 40ಕ್ಕೆ ಕಾರಣವೇ ಇಲ್ಲ. ಟೈರಿನ ಮೇಲೆ 'ಮ್ಯಾಕ್ಸ್' ಅಂತ ಬರೆದಿರುವುದು ಆ ಟೈರ್ ತಡೆಯುವ ಗರಿಷ್ಠ ಒತ್ತಡ. ನಿಮ್ಮ ಗಾಡಿಗೆ ಹಾಕಬೇಕಾದ ಗಾಳಿ ಅದಲ್ಲ. ಎಷ್ಟೋ ಅಂಗಡಿಗಳಲ್ಲಿ ಈ ಎರಡೂ ಬೆರೆತು ಹೋಗಿವೆ, ಬೇಸರದ ವಿಷಯ.

ಇನ್ನೊಂದು ಮಾತು. ಈ ನಂಬರುಗಳೆಲ್ಲ ತಣ್ಣಗಿರುವ ಟೈರಿಗೆ. ಗಾಡಿ ಕನಿಷ್ಠ 3 ಗಂಟೆ ನಿಂತಿರಬೇಕು, ಇಲ್ಲವೇ ಒಂದೆರಡು ಕಿಲೋಮೀಟರ್‌ಗಿಂತ ಜಾಸ್ತಿ ಓಡಿರಬಾರದು. ಹೈವೇಯಲ್ಲಿ ಬಂದು ಬಂಕ್‌ನಲ್ಲಿ ನೋಡಿದರೆ 4-5 ಜಾಸ್ತಿ ತೋರಿಸುತ್ತದೆ. ಅದನ್ನು ನೋಡಿ ಗಾಳಿ ಬಿಡಿಸಬೇಡಿ. ಬೆಳಿಗ್ಗೆ ಟೈರ್ ತಣ್ಣಗಾದಾಗ ಕಮ್ಮಿಯಾಗಿರುತ್ತದೆ. ಹವೆಯ ಬಿಸಿ 5-6 ಡಿಗ್ರಿ ಬದಲಾದರೆ ಸುಮಾರು 1 ಪಿಎಸ್‌ಐ ಬದಲಾಗುತ್ತದೆ. ನಿಮ್ಮಲ್ಲಿ ಡಿಸೆಂಬರ್ ಬೆಳಿಗ್ಗೆಗೂ ಏಪ್ರಿಲ್ ಮಧ್ಯಾಹ್ನಕ್ಕೂ 15 ಡಿಗ್ರಿ ವ್ಯತ್ಯಾಸ ಇರುತ್ತದಲ್ವಾ? ಅಲ್ಲಿಗೇ ಹತ್ತಿರ ಹತ್ತಿರ 3 ಆಯಿತು.

ಗಾಳಿ ಅಳೆಯುವ ಒಂದು ಒಳ್ಳೆ ಗೇಜ್ ತಗೊಂಡು ಗಾಡಿಯಲ್ಲೇ ಇಟ್ಟುಕೊಳ್ಳಿ. ಎಟಿ ಟೈರಿನ ಪಕ್ಕ ಗಟ್ಟಿ. ಗಾಳಿ ಕಮ್ಮಿಯಾದರೂ ಕಣ್ಣಿಗೆ ಕಾಣುವುದಿಲ್ಲ, ಕಾಲಲ್ಲಿ ಒದ್ದರೂ ಗೊತ್ತಾಗುವುದಿಲ್ಲ.

ಸಕಲೇಶಪುರದಿಂದ:
ನಾನು ತೋಟದ ಬಗ್ಗೆ ಮಾತ್ರ ಹೇಳ್ತೀನಿ. ಮಳೆಗಾಲದಲ್ಲಿ ಕೆಂಪು ಜೇಡಿಗೆ ಇಳಿಯುವ ಮುಂಚೆ 22-24ಕ್ಕೆ ಇಳಿಸುತ್ತೇನೆ. ಟೈರ್ ಉದ್ದಕ್ಕೆ ಹರಡಿಕೊಂಡು ನೆಲ ಹಿಡಿಯುತ್ತದೆ, ಚಕ್ರ ಸುಮ್ನೆ ಸುತ್ತುವುದು ಕಮ್ಮಿಯಾಗುತ್ತದೆ. ಅದಕ್ಕಿಂತ ಕೆಳಗೆ ಇಳಿಸುವ ಅಗತ್ಯ ನಮ್ಮ ಕಡೆ ಬರುವುದಿಲ್ಲ. ಒಡೆದ ಜಲ್ಲಿ, ಚೂಪು ಕಲ್ಲು ಇರುವ ಕಡೆ ಜಾಸ್ತಿ ಇಳಿಸಿದರೆ ಟೈರಿನ ಪಕ್ಕ ಉಬ್ಬಿ ಹೊರಗೆ ಬರುತ್ತದೆ. ಕಲ್ಲು ಅಲ್ಲೇ ಕೊಯ್ಯುತ್ತದೆ. ಟ್ರೆಡ್‌ನಲ್ಲಿ, ಅಂದರೆ ನೆಲ ತಾಗುವ ಭಾಗದಲ್ಲಿ, ಮೊಳೆ ಹೊಕ್ಕರೆ ಪಂಕ್ಚರ್ ಹಾಕಿಸಬಹುದು. ಪಕ್ಕ ಹರಿದರೆ ಟೈರೇ ಹೋಯಿತು, ಸ್ಟೆಪ್ನಿ ಹಾಕಿಕೊಂಡೇ ಮನೆಗೆ. ತೀರಾ ಇಳಿಸಿ ಜೋರಾಗಿ ತಿರುಗಿಸಿದರೆ ಟೈರ್ ಡಿಸ್ಕ್‌ನಿಂದ ಬಿಟ್ಟುಕೊಳ್ಳುವ ಭಯವೂ ಇದೆ.

ಇಳಿಸುವುದು ಸುಲಭ. ಟಾರ್ ರಸ್ತೆ ಹತ್ತುವ ಮುಂಚೆ ಮತ್ತೆ ತುಂಬಿಸುವುದು ಮುಖ್ಯ. ಅದಕ್ಕೆ 12 ವೋಲ್ಟ್ ಕಂಪ್ರೆಸರ್ ಬೇಕೇ ಬೇಕು. ಬ್ಯಾಟರಿಗೆ ನೇರವಾಗಿ ಕ್ಲಿಪ್ ಹಾಕುವಂಥದ್ದು ತಗೊಳ್ಳಿ, ಇಷ್ಟು ದೊಡ್ಡ ಟೈರಿಗೆ ಲೈಟರ್ ಸಾಕೆಟ್‌ನ ಚಿಕ್ಕ ಪಂಪ್ ಏದುಸಿರು ಬಿಡುತ್ತದೆ. 24ರಲ್ಲೇ ಬೆಂಗಳೂರಿಗೆ ಹೊರಡುವ ಯೋಚನೆ ದಯವಿಟ್ಟು ಬೇಡ. ಕಮ್ಮಿ ಗಾಳಿಯಲ್ಲಿ ವೇಗವಾಗಿ ಓಡಿದರೆ ಟೈರಿನ ಪಕ್ಕ ಮಡಿಸಿ ಮಡಿಸಿ ಒಳಗೇ ಕಾಯುತ್ತದೆ, ಹಾಗೆ ಕಾದ ಟೈರೇ ಸಿಡಿಯುವುದು. ಮಳೆಯಲ್ಲಿ ಇನ್ನೂ ಅಪಾಯ. ಗಾಳಿ ಕಮ್ಮಿಯಿದ್ದಷ್ಟೂ ಟೈರ್ ಕಮ್ಮಿ ವೇಗದಲ್ಲೇ ನೀರಿನ ಮೇಲೆ ತೇಲಲು ಶುರುವಾಗುತ್ತದೆ.

ಕಾಫಿ ಮೂಟೆ ಹಾಕುವ ದಿನ ಹಿಂದಿನ ಎರಡಕ್ಕೆ 3-4 ಜಾಸ್ತಿ ಹಾಕಿ.

ಮಂಗಳೂರಿನಿಂದ:
ಘಾಟಿ ಇಳಿದು ಬರುವವರು ಗಾಬರಿಯಾಗುವ ವಿಷಯ ಒಂದಿದೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ. ಇಲ್ಲಿ ಹೊರಗಿನ ಗಾಳಿಯ ಒತ್ತಡವೇ ಸುಮಾರು ಒಂದೂವರೆ ಪಿಎಸ್‌ಐ ಜಾಸ್ತಿ. ಹಾಗಾಗಿ ಟೈರ್ ಸೋರದೇ ಇದ್ದರೂ ಗೇಜ್ ಅಷ್ಟು ಕಮ್ಮಿ ತೋರಿಸಬಹುದು. ಆದರೆ ಇಲ್ಲಿಯ ಸೆಕೆ ಅದನ್ನು ಹೆಚ್ಚುಕಮ್ಮಿ ಸರಿದೂಗಿಸುತ್ತದೆ. ಒಂದೇ ಚಕ್ರ ಕಮ್ಮಿ ತೋರಿಸಿದರೆ ಮಾತ್ರ ಪಂಕ್ಚರ್ ಹುಡುಕಿ.

ನೈಟ್ರೋಜನ್ ಬಗ್ಗೆ ಯಾರಾದರೂ ಕೇಳೇ ಕೇಳ್ತಾರೆ. ಮಾಮೂಲಿ ಗಾಳಿಯಲ್ಲೇ 78 ಭಾಗ ನೈಟ್ರೋಜನ್ ಇದೆ. ದಾರಿಯಲ್ಲಿ ಇಳಿಸಿ ಏರಿಸುವವರಿಗೆ ಅದಕ್ಕೆ ದುಡ್ಡು ಕೊಡುವುದು ದಂಡ.

ಆಸ್ಟ್ರೇಲಿಯಾದ ಪರ್ತ್‌ನಿಂದ:
ಇಲ್ಲಿ ಫೋರ್‌ವೀಲ್ ಓಡಿಸುವವರು ಒಂದು ಲೆಕ್ಕ ಇಟ್ಟುಕೊಂಡಿದ್ದಾರೆ. ತಣ್ಣಗಿದ್ದಾಗ ಅಳೆದು, ಒಂದು ಗಂಟೆ ಹೈವೇಯಲ್ಲಿ ಓಡಿಸಿ ಮತ್ತೆ ಅಳೆಯಿರಿ. ಸುಮಾರು 4 ಏರಿದ್ದರೆ ಸರಿ. 6ಕ್ಕಿಂತ ಜಾಸ್ತಿ ಏರಿದರೆ ಟೈರ್ ಅತಿಯಾಗಿ ಕಾಯುತ್ತಿದೆ, ಶುರುವಿನ ಗಾಳಿ ಕಮ್ಮಿ. 2-3 ಮಾತ್ರ ಏರಿದರೆ ಶುರುವಿನಲ್ಲೇ ಜಾಸ್ತಿ. ಎಲ್‌ಟಿ ಟೈರ್‌ನವರಿಗೆ ಇದು ಬಹಳ ಉಪಯೋಗ. ಇಲ್ಲಿಗೆ ಹತ್ತಿರದ ಲ್ಯಾನ್ಸೆಲಿನ್‌ನ ಮರಳು ದಿಬ್ಬಗಳಿಗೆ ನಾವು 16-18ಕ್ಕೆ ಇಳಿಸುತ್ತೇವೆ. ಆ ಅಂಕಿಯನ್ನು ಮಲೆನಾಡಿನ ಕಲ್ಲಿಗೆ ತರಬೇಡಿ.

ಮತ್ತೆ ಮೂಡಿಗೆರೆಯಿಂದ:
ಎಲ್ಲರಿಗೂ ಧನ್ಯವಾದ. ಟೈರ್ ನೋಡಿದೆ. ಎಲ್‌ಟಿ ಅಂತಿಲ್ಲ, ಕೊನೆಗೆ 112ಟಿ ಅಂತಿದೆ.

ಹಾಸನದಿಂದ:
112 ಅಂದರೆ ಒಂದು ಟೈರ್ 1120 ಕೆಜಿ ಹೊರುತ್ತದೆ, ನಿಮ್ಮ ಗಾಡಿಗೆ ಧಾರಾಳ. ಬೆಳಿಗ್ಗೆ ತಣ್ಣಗಿದ್ದಾಗ ನಾಲ್ಕಕ್ಕೂ 31 ಇಟ್ಟು ಬೆಂಗಳೂರಿಗೆ ಹೋಗಿ ಬನ್ನಿ, ನಡುವೆ ಒಮ್ಮೆ ಪರ್ತ್‌ನವರು ಹೇಳಿದಂತೆ ಅಳೆಯಿರಿ. ಒಂದೆರಡು ತಿಂಗಳಾದ ಮೇಲೆ ಟ್ರೆಡ್ ಮೇಲೆ ಕೈಯಾಡಿಸಿ. ನಡು ಸವೆದಿದ್ದರೆ 1-2 ಇಳಿಸಿ, ಎರಡೂ ಅಂಚು ಸವೆದಿದ್ದರೆ 1-2 ಏರಿಸಿ. ಒಂದೇ ಅಂಚು ಸವೆದಿದ್ದರೆ ಗಾಳಿಯ ತಪ್ಪಲ್ಲ, ಅಲೈನ್‌ಮೆಂಟ್ ಮಾಡಿಸಿ. ಸ್ಟೆಪ್ನಿಗೂ ಗಾಳಿ ನೋಡಿ, ಅದಕ್ಕೆ 35 ಹಾಕಿಡಿ. ಬೇಕಾದಾಗ ಇಳಿಸಿಕೊಳ್ಳಬಹುದು.