ಸ್ಟೋರ್‌ನಲ್ಲಿ ಒಂದೇ ಆಪ್ ಎರಡು ಸಲ ಕಾಣುತ್ತದೆ, ಯಾವುದನ್ನು ಹಾಕಬೇಕು ಅಂತ ಅಪ್ಪನಿಗೆ ಹೇಗೆ ಹೇಳಲಿ?

ಆಲ್ದೂರು_ಅರೇಬಿಕಾ:

ಎಲ್ಲರಿಗೂ ನಮಸ್ಕಾರ. ಆಲ್ದೂರು ಹತ್ತಿರ ನಮ್ಮ ಮನೆ. ಅಪ್ಪನ ಹತ್ತಿರ ಹಳೆ ಲ್ಯಾಪ್‌ಟಾಪ್ ಒಂದಿದೆ. ಅಕ್ಟೋಬರ್ 2025ಕ್ಕೆ ವಿಂಡೋಸ್ 10 ಸಪೋರ್ಟ್ ನಿಂತಿತು, 11 ಅದರ ಮೇಲೆ ಹತ್ತುವುದಿಲ್ಲ, ಹಾಗಾಗಿ ಲಿನಕ್ಸ್ ಹಾಕಿಕೊಟ್ಟೆ. ಡಿಸ್ಟ್ರೋ (ಲಿನಕ್ಸ್‌ನ ಯಾವ ಬಗೆ ಅನ್ನುವುದು) ಹೆಸರು ಹೇಳುವುದಿಲ್ಲ, ಹೇಳಿದರೆ ಇಲ್ಲಿ ಜಗಳ ಶುರುವಾಗುತ್ತದೆ. ಉಬುಂಟು ಆಧಾರಿತ ಅಂತ ಇಟ್ಟುಕೊಳ್ಳಿ.

ತೋಟದ ಆಳುಗಳ ಲೆಕ್ಕ, ಕಾಫಿ ಮಾರಿದ ಲೆಕ್ಕ ಎಲ್ಲ ಲಿಬ್ರೆ ಆಫೀಸ್‌ನಲ್ಲಿ ಆರಾಮಾಗಿ ನಡೆಯುತ್ತಿದೆ. ತಕರಾರು ಇರುವುದು ಸಾಫ್ಟ್‌ವೇರ್ ಸ್ಟೋರ್ ಬಗ್ಗೆ ಮಾತ್ರ. ಹಳೆ ಪಹಣಿ, ರಸೀದಿಗಳನ್ನು ಸ್ಕ್ಯಾನ್ ಮಾಡಿ ಅದರಿಂದ ಕನ್ನಡ ಅಕ್ಷರ ತೆಗೆಯಬೇಕು ಅಂತ ಅಪ್ಪನಿಗೆ ಆಸೆ. ಅದಕ್ಕೆ ಜಿ-ಇಮೇಜ್-ರೀಡರ್ ಹುಡುಕಿದೆವು. ಎರಡು ಬಂತು. ಅದೇ ಹೆಸರು, ಅದೇ ಐಕಾನ್. ಒಂದರ ಕೆಳಗೆ ಸಣ್ಣ ಅಕ್ಷರದಲ್ಲಿ ಫ್ಲ್ಯಾಟ್‌ಪ್ಯಾಕ್ ಅಂತ ಇದೆ, ಹಾಗಂದರೆ ಏನು ಅಂತ ಎಲ್ಲೂ ಇಲ್ಲ. ಅಪ್ಪ ಮೇಲಿದ್ದದ್ದನ್ನು ಒತ್ತಿದರು. ನಮ್ಮ ನೆಟ್ ಅಂದರೆ ಮೊಬೈಲ್ ಹಾಟ್‌ಸ್ಪಾಟ್, ದಿನಕ್ಕೆ ಒಂದೂವರೆ ಜಿಬಿ ಪ್ಯಾಕ್. ಅರ್ಧ ದಾರಿಯಲ್ಲೇ ಡೇಟಾ ಖಾಲಿ! ಪ್ರೋಗ್ರೆಸ್ ಬಾರ್ ಮಾತ್ರ ನಿಂತಲ್ಲೇ ನಿಂತಿತ್ತು. ನೆಟ್ ಹೋಯಿತು ಅಂತಾಗಲಿ, ಎಷ್ಟು ಬಾಕಿ ಇದೆ ಅಂತಾಗಲಿ ಒಂದು ಮಾತಿಲ್ಲ. ಮಳೆಗಾಲದಲ್ಲಿ ಕರೆಂಟ್ ಹೋದರೆ ಟವರ್ ಕೂಡ ಹೋಗುವ ಊರು ನಮ್ಮದು, ಮಾರನೇ ದಿನ ಮುಂದುವರಿಸೋಣ ಅಂದರೆ ಮಳೆ.

ಹೇಗೋ ಇನ್‌ಸ್ಟಾಲ್ ಆಯಿತು. ಈಗ ಅದರಲ್ಲಿ ಕನ್ನಡವೇ ಇಲ್ಲ, ಇಂಗ್ಲಿಷ್ ಒಂದೇ. ಕನ್ನಡದ ಫೈಲ್ ಸ್ಟೋರ್‌ನಲ್ಲಿ ಸಿಗುತ್ತದಾ ಅಂತ 'ಕನ್ನಡ' ಎಂದು ಕನ್ನಡದಲ್ಲೇ ಟೈಪ್ ಮಾಡಿದರೆ 'ಏನೂ ಸಿಗಲಿಲ್ಲ' ಅನ್ನುತ್ತದೆ. ಇದನ್ನು ಸರಿಪಡಿಸುವುದು ಹೇಗೆ? ಮುಂದಿನ ಸಲ ಅಪ್ಪ ಒಬ್ಬರೇ ಇದ್ದಾಗ ಯಾವುದನ್ನು ಒತ್ತಿ ಅಂತ ಹೇಳಲಿ?

ಕರಿಪರದೆ:

ಸ್ಟೋರ್ ಬಿಟ್ಟುಹಾಕಿ ಗುರುಗಳೇ. ಟರ್ಮಿನಲ್ (ಕಮ್ಯಾಂಡ್ ಟೈಪ್ ಮಾಡುವ ಕಪ್ಪು ಪರದೆ) ತೆಗೆದು ಆಪ್ಟ್ ಇನ್‌ಸ್ಟಾಲ್ ಕಮ್ಯಾಂಡ್ ಹೊಡೆಯಿರಿ, ಒಂದೇ ಸಾಲಿನ ಕೆಲಸ. ಎಷ್ಟು ಎಂಬಿ ಇಳಿಯುತ್ತದೆ, ಡಿಸ್ಕ್‌ನಲ್ಲಿ ಎಷ್ಟು ಜಾಗ ಹಿಡಿಯುತ್ತದೆ, ಜೊತೆಗೆ ಏನೇನು ಬರುತ್ತದೆ, ಎಲ್ಲ ಮೊದಲೇ ಹೇಳಿ ಆಮೇಲೆ 'ಮುಂದುವರಿಯಲಾ' ಅಂತ ಕೇಳುತ್ತದೆ. ನಡುವೆ ನೆಟ್ ಹೋದರೂ ಚಿಂತೆಯಿಲ್ಲ, ಇಳಿದಷ್ಟು ಉಳಿದಿರುತ್ತದೆ, ಇನ್ನೊಂದು ಸಲ ಅದೇ ಕಮ್ಯಾಂಡ್ ಕೊಟ್ಟರೆ ಅಲ್ಲಿಂದಲೇ ಮುಂದುವರಿಯುತ್ತದೆ.

ಕಟ್ಟಿನಕೆರೆ_ಕೀಬೋರ್ಡ್:

@ಕರಿಪರದೆ, ಅವರು ಕೇಳಿದ್ದು ಅಪ್ಪನಿಗೆ ಹೇಗೆ ಹೇಳಲಿ ಅಂತ. ಅಪ್ಪನಿಗೆ ಟರ್ಮಿನಲ್ ಕಲಿಸಿ ಅನ್ನುವುದು ಉತ್ತರ ಅಲ್ಲ. ಆದರೆ ನೀವು ಹೇಳಿದ್ದರಲ್ಲೇ ವಿಷಯ ಇದೆ ನೋಡಿ. ಆ ಕಪ್ಪು ಪರದೆ ಗಾತ್ರ, ಪಟ್ಟಿ ಎಲ್ಲ ತೋರಿಸಿ ಆಮೇಲೆ ಕೇಳುತ್ತದೆ. ಸುಲಭ ಮಾಡುತ್ತೇವೆ ಅಂತ ಬಂದ ಸ್ಟೋರ್‌ಗಳು ಸುಲಭದ ಹೆಸರಿನಲ್ಲಿ ಅದನ್ನೇ ಮೊದಲು ಬಚ್ಚಿಟ್ಟವು.

ಈಗ ಆಲ್ದೂರಿನವರಿಗೆ. ನಾನು ಹಾಸನದಲ್ಲಿ ಒಂದು ಶಾಲೆಯ ಲ್ಯಾಬ್ ನೋಡಿಕೊಳ್ಳುತ್ತೇನೆ, ಈ ಪ್ರಶ್ನೆ ಅಲ್ಲೂ ಆಗಾಗ ಬರುತ್ತದೆ. ಎರಡು ಐಕಾನ್ ಅಂದರೆ ಎರಡು ಬೇರೆ ದಾರಿ. ಒಂದು ನಿಮ್ಮ ಡಿಸ್ಟ್ರೋದವರೇ ಕಟ್ಟಿದ ಡೆಬ್ ಪ್ಯಾಕೇಜ್. ಅದು ಸಿಸ್ಟಮ್‌ನಲ್ಲಿ ಈಗಾಗಲೇ ಇರುವ ಲೈಬ್ರರಿಗಳನ್ನೇ (ಆಪ್‌ಗಳು ಹಂಚಿಕೊಳ್ಳುವ ಕೋಡ್) ಬಳಸುತ್ತದೆ, ಅದಕ್ಕೇ ಚಿಕ್ಕದು. ವರ್ಶನ್ ಸ್ವಲ್ಪ ಹಳೆಯದಿರಬಹುದು, ಅಷ್ಟೇ. ಇನ್ನೊಂದು ಫ್ಲ್ಯಾಟ್‌ಹಬ್ ಎಂಬ ಆನ್‌ಲೈನ್ ಭಂಡಾರದಿಂದ ಬರುವ ಫ್ಲ್ಯಾಟ್‌ಪ್ಯಾಕ್. ಅದು ಬೀಗರ ಮನೆಗೆ ಬರುವಾಗ ಹಾಸಿಗೆ, ಪಾತ್ರೆ ಎಲ್ಲ ಹೊತ್ತುಕೊಂಡು ಬಂದ ಹಾಗೆ. ರನ್‌ಟೈಮ್ ಅಂತ ಲೈಬ್ರರಿಗಳ ಒಂದು ಗಂಟು ಜೊತೆಗೆ ಇಳಿಯುತ್ತದೆ, ಅದೊಂದೇ ನೂರಾರು ಎಂಬಿ. ಮುಂದಿನ ಆಪ್ ಅದೇ ರನ್‌ಟೈಮ್ ಬಳಸಿದರೆ ಮತ್ತೆ ಇಳಿಯುವುದಿಲ್ಲ. ಬೇರೆ ವರ್ಶನ್ ಕೇಳಿದರೆ ಅದೂ ಬರುತ್ತದೆ, ಹಳೆಯದೂ ಅಲ್ಲೇ ಇರುತ್ತದೆ.

ನಿಮ್ಮ ಕನ್ನಡ ಕಾಣದಿರುವುದಕ್ಕೂ ಇದೇ ಕಾರಣ ಅಂತ ನನಗೆ ಅನಿಸುತ್ತದೆ. ಜಿ-ಇಮೇಜ್-ರೀಡರ್ ಬರೀ ಮುಖ. ಅಕ್ಷರ ಗುರುತಿಸುವ ಕೆಲಸ ಮಾಡುವುದು ಒಳಗಿರುವ ಟೆಸೆರಾಕ್ಟ್. ಕನ್ನಡದ ಡೇಟಾ ಬೇರೆಯೇ ಪ್ಯಾಕೇಜ್: ಟೆಸೆರಾಕ್ಟ್, ಓಸಿಆರ್, ಆಮೇಲೆ ಕೆಎಎನ್, ಈ ಮೂರರ ನಡುವೆ ಹೈಫನ್. ಕೆಲವೇ ಎಂಬಿ. ಆದರೆ ಅದು ಡೆಬ್. ಫ್ಲ್ಯಾಟ್‌ಪ್ಯಾಕ್ ಆಪ್ ಸ್ಯಾಂಡ್‌ಬಾಕ್ಸ್ ಒಳಗೆ ಕೂತಿರುತ್ತದೆ, ಹೊರಗಿನ ಸಿಸ್ಟಮ್‌ಗೆ ನೀವು ಏನು ಹಾಕಿದರೂ ಅದಕ್ಕೆ ಕಾಣುವುದಿಲ್ಲ. ಫ್ಲ್ಯಾಟ್‌ಪ್ಯಾಕನ್ನೇ ಇಟ್ಟುಕೊಳ್ಳುವುದಾದರೆ ಆಪ್ ಒಳಗೆ ಭಾಷೆಗಳನ್ನು ನಿರ್ವಹಿಸುವ ಮೆನು ಇದೆ, ಅಲ್ಲಿಂದ ಕನ್ನಡ ಇಳಿಸಿ. ಇಲ್ಲದಿದ್ದರೆ ಅದನ್ನು ತೆಗೆದು ಡೆಬ್ ಹಾಕಿ, ಜೊತೆಗೆ ಆ ಕನ್ನಡದ ಪ್ಯಾಕೇಜ್. ನಿಮ್ಮ ಡೇಟಾ ಪ್ಯಾಕ್‌ಗೆ ಎರಡನೆಯದೇ ಒಳ್ಳೆಯದು.

ಸ್ಟೋರ್‌ನಲ್ಲಿ ಆ ಪ್ಯಾಕೇಜ್ ಕಾಣದಿದ್ದರೆ ಸಿನಾಪ್ಟಿಕ್ ಎಂಬ ಪ್ಯಾಕೇಜ್ ಹುಡುಕಿ ಹಾಕುವ ಪ್ರೋಗ್ರಾಂ ಹಾಕಿಕೊಳ್ಳಿ, ಕನ್ನಡ ಅಂತ ಇಂಗ್ಲಿಷ್ ಅಕ್ಷರದಲ್ಲಿ ಹುಡುಕಿ. ನೋಡಲು ಇಪ್ಪತ್ತು ವರ್ಷ ಹಳೆಯದರ ಹಾಗಿದೆ, ಏನನ್ನೂ ಮುಚ್ಚಿಡುವುದಿಲ್ಲ. ಗ್ನೋಮ್ ಸಾಫ್ಟ್‌ವೇರ್‌ನಂಥ ಸ್ಟೋರ್‌ಗಳು ಆಪ್‌ಸ್ಟ್ರೀಮ್ ಎಂಬ ವಿವರದ ಫೈಲ್ ಇರುವ ಪ್ಯಾಕೇಜ್‌ಗಳನ್ನು ಮಾತ್ರ ತೋರಿಸುತ್ತವೆ. ಐಕಾನ್ ಇಲ್ಲದ ಭಾಷೆ ಡೇಟಾ, ಕಮ್ಯಾಂಡ್ ಲೈನ್ ಸಾಧನ, ಇವೆಲ್ಲ ಅವುಗಳ ಪಾಲಿಗೆ ಇಲ್ಲವೇ ಇಲ್ಲ. ಇಲ್ಲ ಅನ್ನುವ ಬದಲು 'ನಾನು ತೋರಿಸುವುದಿಲ್ಲ' ಅಂದಿದ್ದರೆ ಎಷ್ಟೋ ಜನ ಉಳಿದುಕೊಳ್ಳುತ್ತಿದ್ದರು. ಇನ್ನು ಕನ್ನಡದಲ್ಲಿ ಹುಡುಕಿದರೆ ಸಿಗದಿರುವುದು: ಹುಡುಕಾಟ ನಡೆಯುವುದು ಪ್ಯಾಕೇಜ್‌ನ ಹೆಸರು ಮತ್ತು ವಿವರಣೆಯಲ್ಲಿ, ಅವು ಹೆಚ್ಚುಕಡಿಮೆ ಎಲ್ಲ ಇಂಗ್ಲಿಷ್. ಮೆನು ಕನ್ನಡದಲ್ಲಿ ಇದ್ದರೂ ಸರಕಿನ ಚೀಟಿ ಇಂಗ್ಲಿಷೇ.

ಬಾಬಾಬುಡನ್_ಬೈಟ್:

ಒಳ್ಳೆ ಉತ್ತರ. ಡೇಟಾ ಬಗ್ಗೆ ಒಂದು ಸೇರಿಸುತ್ತೇನೆ. ನೆಟ್‌ವರ್ಕ್ ಸೆಟ್ಟಿಂಗ್ಸ್‌ನಲ್ಲಿ ಆ ಹಾಟ್‌ಸ್ಪಾಟನ್ನು 'ಮೀಟರ್ಡ್' (ಡೇಟಾಗೆ ಮಿತಿ ಇರುವ ನೆಟ್) ಅಂತ ಗುರುತು ಮಾಡಿ. ಆಂಡ್ರಾಯ್ಡ್ ಹಾಟ್‌ಸ್ಪಾಟ್ ಆದರೆ ಎಷ್ಟೋ ಸಲ ಸಿಸ್ಟಮ್ ತಾನೇ ಊಹಿಸುತ್ತದೆ, ಆದರೂ ಒಮ್ಮೆ ನೋಡಿಕೊಳ್ಳಿ. ಆಗ ಹಿಂದಿನಿಂದ ತಾನಾಗಿ ನಡೆಯುವ ಅಪ್‌ಡೇಟ್ ತಡೆದುಕೊಳ್ಳುತ್ತದೆ. ನೀವೇ ಒತ್ತಿದ್ದು ಇಳಿಯುತ್ತದೆ, ಅದಕ್ಕೆ ತಡೆಯಿಲ್ಲ.

ಇನ್ನೊಂದು, ಇದನ್ನು ನೀವು ಕೇಳಿಲ್ಲ, ಆದರೆ ಬಂದೇ ಬರುತ್ತದೆ. ಲ್ಯಾಪ್‌ಟಾಪ್ ಒಂದಷ್ಟು ದಿನ ಮುಚ್ಚಿಟ್ಟು ತೆಗೆದ ತಕ್ಷಣ ಏನಾದರೂ ಹಾಕಲು ಹೋದರೆ 'ಲಾಕ್ ಸಿಗಲಿಲ್ಲ' ಅಂತ ಎರರ್. ಡೆಬ್ ಪ್ಯಾಕೇಜ್‌ಗಳನ್ನು ಒಂದು ಸಲಕ್ಕೆ ಒಂದೇ ಪ್ರೋಗ್ರಾಂ ಮುಟ್ಟಬೇಕು, ಅದಕ್ಕೆ ಆ ಬೀಗ. ತಪ್ಪಿಹೋದ ದಿನನಿತ್ಯದ ಅಪ್‌ಡೇಟ್ ಕೆಲಸ ಆನ್ ಮಾಡಿದ ಮೇಲೆ ಶುರುವಾಗಿರುತ್ತದೆ. ಟೀ ಕುಡಿದು ಬನ್ನಿ, ಬಿಡುತ್ತದೆ. ಲಾಕ್ ಫೈಲ್ ಡಿಲೀಟ್ ಮಾಡಿ ಅಂತ ನೆಟ್‌ನಲ್ಲಿ ಎಲ್ಲ ಕಡೆ ಬರೆದಿದ್ದಾರೆ, ಮಾಡಬೇಡಿ. ಅರ್ಧ ಇನ್‌ಸ್ಟಾಲ್ ಆದ ಪ್ಯಾಕೇಜ್‌ಗಳ ಗೋಜಲು ಆಮೇಲೆ ಬಿಡಿಸಲು ಸಾಕಾಗುತ್ತದೆ. 'ಅಪ್‌ಡೇಟ್ ನಡೆಯುತ್ತಿದೆ, ಸ್ವಲ್ಪ ಕಾಯಿರಿ' ಅಂತ ಒಂದು ಸಾಲು ಬರೆಯಲು ಇವರಿಗೆ ಏನು ಕಷ್ಟವೋ!

@ಕರಿಪರದೆ, ಟರ್ಮಿನಲ್ ಕೂಡ ಸಾಧು ಅಲ್ಲ ಬಿಡಿ. 2021ರಲ್ಲಿ ಲಿನಸ್ ಟೆಕ್ ಟಿಪ್ಸ್ ಯೂಟ್ಯೂಬ್ ಚಾನೆಲ್‌ನ ಲಿನಸ್ ಸೆಬಾಸ್ಟಿಯನ್ ಪಾಪ್ ಓಎಸ್ ಎಂಬ ಲಿನಕ್ಸ್‌ನಲ್ಲಿ ಗೇಮ್‌ಗಳ ಸ್ಟೀಮ್ ಆಪ್ ಹಾಕಲು ಹೋದದ್ದು ನೆನಪಿದೆಯಾ? ಸ್ಟೋರ್ ಅರ್ಥವಾಗದ ಎರರ್ ಕೊಟ್ಟು ನಿಂತಿತು. ಅವರು ಟರ್ಮಿನಲ್‌ಗೆ ಹೋದರು. ಮುಖ್ಯ ಪ್ಯಾಕೇಜ್‌ಗಳು ಹೋಗುತ್ತವೆ ಅಂತ ಉದ್ದನೆಯ ಪಟ್ಟಿಯ ನಡುವೆ ಎಚ್ಚರಿಕೆ ಇತ್ತು, ಹೌದು ಅಂತ ಟೈಪ್ ಮಾಡಿದರು, ಇಡೀ ಡೆಸ್ಕ್‌ಟಾಪೇ ಹೋಯಿತು. ಆಮೇಲೆ ಆಪ್ಟ್‌ನವರೇ ಅದನ್ನು ಅಷ್ಟು ಸುಲಭವಾಗಿ ಆಗದ ಹಾಗೆ ಬದಲಾಯಿಸಿದರು. ಅಂದರೆ ಪಟ್ಟಿ ತೋರಿಸಿದರೆ ಸಾಲದು, ಓದುವ ಹಾಗೆ ತೋರಿಸಬೇಕು.

ಕರಿಪರದೆ:

ಒಪ್ಪಿದೆ, ಆ ವಿಡಿಯೋ ನೋಡಿದ್ದೇನೆ. ಆದರೂ ಸ್ಟೋರ್‌ಗಳ ಮೇಲೆ ನನಗೆ ನಂಬಿಕೆ ಬರುವುದಿಲ್ಲ. ಉಬುಂಟು ಒಂದನ್ನೇ ನೋಡಿ. 2009ರಲ್ಲಿ ಒಂದು ಸ್ಟೋರ್, 2016ರಲ್ಲಿ ಇನ್ನೊಂದು, 2020ರಲ್ಲಿ ಮತ್ತೊಂದು, 2023ರಲ್ಲಿ ಮಗದೊಂದು. 2024ರಲ್ಲಿ 24.04 ಆವೃತ್ತಿ ಬಂದಾಗ ಹೊಸ ಆಪ್ ಸೆಂಟರ್‌ನಿಂದ ಡೌನ್‌ಲೋಡ್ ಮಾಡಿದ ಡೆಬ್ ಫೈಲನ್ನೇ ಹಾಕಲು ಆಗುತ್ತಿರಲಿಲ್ಲ, ಆಮೇಲೆ ಸರಿಮಾಡಿದರು. ಕಲಿತದ್ದು ಎಲ್ಲಿ ನಿಲ್ಲಬೇಕು? ಆಪ್ಟ್‌ನ ಹಳೆ ಆಪ್ಟ್-ಗೆಟ್ ಕಮ್ಯಾಂಡ್ ಅಷ್ಟು ವರ್ಷವೂ ಹಾಗೇ ಇದೆ.

ಕಟ್ಟಿನಕೆರೆ_ಕೀಬೋರ್ಡ್:

ಅದು ನಿಜ. ನಮ್ಮ ಲ್ಯಾಬ್‌ನಲ್ಲಿ ಗೋಡೆಗೆ ಅಂಟಿಸಿದ ಸ್ಕ್ರೀನ್‌ಶಾಟ್‌ಗಳು ಪ್ರತಿ ಅಪ್‌ಗ್ರೇಡ್‌ಗೂ ಸುಳ್ಳಾಗುತ್ತವೆ. ಆದರೆ ಎಲ್ಲರೂ ಸುಮ್ನೆ ಕೂತಿಲ್ಲ. 2024ರ ಲಿನಕ್ಸ್ ಮಿಂಟ್ 22ರಲ್ಲಿ ಪರಿಶೀಲನೆ ಆಗದ ಫ್ಲ್ಯಾಟ್‌ಪ್ಯಾಕ್‌ಗಳನ್ನು ಮೊದಲಿಗೆ ತೋರಿಸುವುದೇ ಇಲ್ಲ, ಬೇಕಾದವರು ಸೆಟ್ಟಿಂಗ್‌ನಲ್ಲಿ ಆನ್ ಮಾಡಿಕೊಳ್ಳಬೇಕು. ಅಪ್ಪನಂಥವರಿಗೆ ಇದು ಸರಿಯಾದ ದಾರಿ ಅಂತ ನನ್ನ ಲೆಕ್ಕ.

ಆಲ್ದೂರು_ಅರೇಬಿಕಾ:

ಎಲ್ಲರಿಗೂ ಧನ್ಯವಾದ. ಫ್ಲ್ಯಾಟ್‌ಪ್ಯಾಕ್ ತೆಗೆದು ಡೆಬ್ ಹಾಕಿದೆ, ಸಿನಾಪ್ಟಿಕ್‌ನಿಂದ ಆ ಕನ್ನಡದ ಪ್ಯಾಕೇಜ್ ಕೂಡ. ಭಾಷೆಗಳ ಪಟ್ಟಿಯಲ್ಲಿ ಕನ್ನಡ ಬಂತು. ಅಚ್ಚಾದ ರಸೀದಿಗಳನ್ನು ಚೆನ್ನಾಗಿ ಓದುತ್ತಿದೆ, ಕೈಬರಹದ ಪಹಣಿ ಮಾತ್ರ ಅದರ ಕೈಲಿ ಆಗುತ್ತಿಲ್ಲ, ಅದು ನಮಗೇ ಓದಲು ಬರುವುದಿಲ್ಲ ಬಿಡಿ. ಹಾಟ್‌ಸ್ಪಾಟ್ ತಾನಾಗಿಯೇ ಮೀಟರ್ಡ್ ಅಂತ ಗುರುತಾಗಿತ್ತು. ಅಪ್ಪನಿಗೆ 'ಫ್ಲ್ಯಾಟ್‌ಪ್ಯಾಕ್ ಅಂತ ಇದ್ದರೆ ಒತ್ತುವ ಮೊದಲು ಫೋನ್ ಮಾಡಿ' ಅಂದಿದ್ದೇನೆ.

ಒಂದು ಉಳಿದಿದೆ. ಆಪ್ ತೆಗೆದ ಮೇಲೂ ಡಿಸ್ಕ್‌ನಲ್ಲಿ ಜಾಗ ಅಷ್ಟೇನೂ ವಾಪಸ್ ಬಂದಿಲ್ಲ, ಆ ರನ್‌ಟೈಮ್ ಹಾಗೇ ಕೂತಿದೆಯಾ?

ಕಟ್ಟಿನಕೆರೆ_ಕೀಬೋರ್ಡ್:

ಕೂತಿರುತ್ತದೆ. ಯಾವ ಆಪ್‌ಗೂ ಬೇಡವಾದ ರನ್‌ಟೈಮ್ ತೆಗೆಯಲು ಫ್ಲ್ಯಾಟ್‌ಪ್ಯಾಕ್ ಅನ್‌ಇನ್‌ಸ್ಟಾಲ್, ಜಾಗ ಬಿಟ್ಟು ಎರಡು ಹೈಫನ್, ಅದಕ್ಕೆ ಅಂಟಿಸಿ ಅನ್‌ಯೂಸ್ಡ್. ಏನೇನು ತೆಗೆಯುತ್ತದೆ ಅಂತ ಪಟ್ಟಿ ತೋರಿಸಿ ಕೇಳುತ್ತದೆ. ಹೌದು, ಟರ್ಮಿನಲ್‌ನಲ್ಲೇ. @ಕರಿಪರದೆ, ನಗಬೇಡಿ.