ಟಿ.ವಿ. ಪರದೆಯ ಕರಿ ‘ಅಂಚು’: ಪಕ್ಕಕ್ಕೆ ಬಂದರೆ ಏನನ್ನೋಣ?

ಬೇಲೂರಿನ ನಮ್ಮ ದೊಡ್ಡಮ್ಮನ ಮನೆಗೆ ಹೋದ ತಿಂಗಳು ಹಾಸನದ ಬಿ.ಎಂ. ರಸ್ತೆಯ ಅಂಗಡಿಯಿಂದ 43 ಇಂಚಿನ ಟಿ.ವಿ. ಬಂತು. ಹಳೇ 21 ಇಂಚಿನ ಡಬ್ಬ ಟಿ.ವಿ. ಅಟ್ಟ ಸೇರಿತು. ಮೊದಲ ರಾತ್ರಿಯೇ ದೊಡ್ಡಮ್ಮನ ತಕರಾರು: ‘ಇಷ್ಟಗಲದ್ದು ತಂದ್ರೂ ಪಿಚ್ಚರ್‌ಗೆ ಕರೀ ಅಂಚು ಹೋಗ್ಲಿಲ್ವಲ್ಲೋ!’

ಟಿ.ವಿ. ಚಿತ್ರದ ಇಂಥವಕ್ಕೆ ಕನ್ನಡದ ಮಾತು ಹುಡುಕುತ್ತಿದ್ದ ನನಗೆ ಮೊದಲ ಪದ ಸಿಕ್ಕಿತು. ಚಿತ್ರದ ಮೇಲೆ ಕೆಳಗೆ ಕಪ್ಪು ಪಟ್ಟಿ ಬರುವ ಇದಕ್ಕೆ ಇಂಗ್ಲಿಷಿನವರು ಲೆಟರ್‌ಬಾಕ್ಸ್ ಅನ್ನುತ್ತಾರೆ. ಅವರ ಮನೆಬಾಗಿಲಲ್ಲೇ ಕಾಗದ ತೂರಿಸಲು ಅಡ್ಡ ಸೀಳೊಂದು ಇರುತ್ತದಲ್ಲ, ಚಿತ್ರ ಹಾಗೆ ಕಾಣುತ್ತದೆಂದು. ನಾವು ‘ಅಂಚೆಪೆಟ್ಟಿಗೆ’ ಅಂದರೆ ಕಣ್ಣಮುಂದೆ ಬರುವುದು ರಸ್ತೆಬದಿಯ ಕೆಂಪು ಡಬ್ಬ. ದೊಡ್ಡಮ್ಮನ ‘ಅಂಚು’ ಎಷ್ಟೋ ವಾಸಿ. ಸೀರೆಯ ಉದ್ದಕ್ಕೂ ಮೇಲೊಂದು ಕೆಳಗೊಂದು ಓಡುವ ಹಾಗೇ ಇದೂ.

ಅಂಚು ಹೋಗುವುದೂ ಇಲ್ಲ. ಅಗಲಕ್ಕೂ ಎತ್ತರಕ್ಕೂ ಇರುವ ಅನುಪಾತ ಹಳೇ ಪರದೆಯಲ್ಲಿ 4:3, ಹೊಸದರಲ್ಲಿ 16:9, ಸ್ಕೋಪ್ ಅನ್ನುವ ಅಗಲದ ಪಿಚ್ಚರಿನಲ್ಲಿ 2.35:1. ಹಳೇದರ ಎತ್ತರದಲ್ಲಿ ನೂರಕ್ಕೆ 43 ಪಾಲು ಕಪ್ಪಾಗುತ್ತಿತ್ತು, ಹೊಸದರಲ್ಲಿ 24. ಸ್ಕೇಲ್ ಹಿಡಿದು ಅಳೆದೆ, ಮೇಲೆ ಎರಡೂವರೆ ಇಂಚು, ಕೆಳಗೆ ಎರಡೂವರೆ. ಹಳೇ ಟಿ.ವಿ.ಯಲ್ಲಿ ಅಂಚಿಲ್ಲದೆ ಬಂದಿದ್ದರೆ ಚಿತ್ರದ ಎರಡೂ ಪಕ್ಕ ಕತ್ತರಿಸಿದ್ದಾರೆಂದೇ ಲೆಕ್ಕ. ಎದುರುಬದುರು ನಿಂತು ಮಾತಾಡುವ ಇಬ್ಬರಲ್ಲಿ ಒಬ್ಬರ ಮೂಗಷ್ಟೇ ಕಂಡದ್ದು ನಿಮಗೂ ನೆನಪಿರಬೇಕು. 1953ರಲ್ಲಿ ಹಾಲಿವುಡ್ಡಿನವರು ಸಿನಿಮಾಸ್ಕೋಪ್ ತಂದದ್ದೇ ಟಿ.ವಿ. ಮುಂದೆ ಕೂತವರನ್ನು ಥಿಯೇಟರಿಗೆ ಸೆಳೆಯಲು. ಅದನ್ನು ತಂದು ಟಿ.ವಿ.ಯೊಳಗೇ ಕೂರಿಸಿದರೆ ಇನ್ನೇನಾಗಬೇಕು!

ಎರಡನೆಯ ಪದ ಸಿಕ್ಕಿದ್ದು ನನ್ನ ತಮ್ಮ ರಿಮೋಟ್ ಒತ್ತಿದಾಗ. ಹಳೇ 4:3 ಧಾರಾವಾಹಿಯೊಂದನ್ನು ಪರದೆ ತುಂಬಿಸಲು ಹೋದ, ಅಗಲ ಮೂರನೇ ಒಂದು ಪಾಲು ಹೆಚ್ಚಿತು. ‘ಎಲ್ರಿಗೂ ಕೆನ್ನೆ ಊದ್ಕೊಂಡಿದೆ, ಜಗ್ಗಬೇಡ ಬಿಡೋ’ ಅಂದರು ದೊಡ್ಡಮ್ಮ. ಇದಕ್ಕೆ ‘ಹಿಗ್ಗಿಸು’ ಅಂತ ಬರೆಯುವವರಿದ್ದಾರೆ, ನನಗೆ ಒಪ್ಪಿಗೆಯಿಲ್ಲ. ಹಿಗ್ಗುವುದೆಂದರೆ ನಾಲ್ಕೂ ಕಡೆಗೆ, ಅದು ಜೂಮ್‌ಗೆ ಸರಿ. ಒಂದೇ ದಿಕ್ಕಿಗೆ ಎಳೆಯುವುದು ಜಗ್ಗುವುದೇ, ಹಗ್ಗ ಜಗ್ಗಿದಂತೆ.

ನಾನು ಸಿಕ್ಕಿಬಿದ್ದಿರುವುದು ಮೂರನೆಯದರಲ್ಲಿ. ಜಗ್ಗದೆ ಬಿಟ್ಟರೆ ಆ ಧಾರಾವಾಹಿಯ ಎಡಬಲಕ್ಕೆ ಕಪ್ಪು ಬರುತ್ತದೆ. ಅದು ಅಂಚಲ್ಲ. ಸೆರಗು ಅನ್ನೋಣವೆಂದರೆ ಸೀರೆಗಿರುವುದು ಒಂದೇ ಸೆರಗು. ‘ಪಕ್ಕಪಟ್ಟಿ’ ಅಂತ ಕಟ್ಟಿನೋಡಿದೆ, ಸರ್ಕಾರಿ ಕಡತದ ವಾಸನೆ ಬಂತು. ನಾಟಕದ ಗೆಳೆಯನೊಬ್ಬ, ರಂಗದ ಎಡಬಲಕ್ಕೆ ನಿಲ್ಲಿಸುವ ಪರದೆಯ ಹೆಸರಿನಲ್ಲೇ, ‘ಸೈಡ್‌ವಿಂಗ್ ಅನ್ನಿ ಸಾಕು’ ಅಂದ. ದೊಡ್ಡಮ್ಮನನ್ನು ಕೇಳಿದರೆ, ‘ಅದಕ್ಕೂ ಹೆಸರು ಬೇಕಾ?’

ನಿಮ್ಮ ಕಡೆ, ನೇಯುವವರಲ್ಲೋ ಬಡಗಿಗಳಲ್ಲೋ, ಎಡಬಲದ ಜೋಡಿ ಪಟ್ಟಿಗೆ ಬಳಕೆಯ ಮಾತಿದ್ದರೆ ತಿಳಿಸಿ.