ಥರ್ಮೋಸ್ಟಾಟ್ ಟಕ್ ಟಕ್ ಅಂತಿದೆ, ಹೀಟರ್ ಬಿಸಿಯಾಗ್ತಿಲ್ಲ

ತಾಳವಾಡಿಯವರು:
ಅಣ್ಣಂದಿರೇ, ಸ್ವಲ್ಪ ದಾರಿ ತೋರಿಸಿ. ಚಳಿ ಬಿತ್ತು ಅಂದ್ರೆ ಅವ್ವನಿಗೆ ಉಬ್ಬಸ. ಅವರ ಕೋಣೆಗೆ 2000 ವ್ಯಾಟಿನ ಎಣ್ಣೆ ಹೀಟರ್ ತಂದೆ. ಸಾಕೆಟ್ಟಿನ ಸ್ವಿಚ್ ಬೇರೆ ಬಾಕ್ಸಿನಲ್ಲಿದೆ; ಅದನ್ನು ಬಿಚ್ಚಿ 16 ಆಂಪ್ಸ್‌ನ ಡಿಜಿಟಲ್ ಥರ್ಮೋಸ್ಟಾಟ್ (ಕೋಣೆಯ ಬಿಸಿ ನೋಡಿ ಹೀಟರ್ ಆನ್-ಆಫ್ ಮಾಡೋದು) ಕೂರಿಸಿದೆ. ಬಾಕ್ಸಿಗೆ ಬಂದಿರೋದು ಎರಡೇ ವೈರು. ಕೆಂಪನ್ನು ಎಲ್‌ಗೆ (ಫೇಸ್ ಬರೋ ತುದಿ), ಕಪ್ಪನ್ನು ಲೋಡಿಗೆ (ಹೀಟರಿಗೆ ಹೋಗೋ ತುದಿ) ಕೊಟ್ಟೆ. ಸ್ಕ್ರೀನ್ ಬರಲಿಲ್ಲ. ಕಪ್ಪಿಗೆ ಟೆಸ್ಟರ್ ಇಟ್ಟರೆ ಹತ್ತಲಿಲ್ಲ, ನ್ಯೂಟ್ರಲ್ಲೇ ಇರಬೇಕು ಅಂತ ಅದರಿಂದ ಎನ್‌ಗೆ (ನ್ಯೂಟ್ರಲ್ ತುದಿ) ಒಂದು ತುಂಡು ವೈರು ಹಾಕಿದೆ. ಸ್ಕ್ರೀನ್ ಬಂತು, 16 ಡಿಗ್ರಿ ತೋರಿಸ್ತು. 22ಕ್ಕೆ ಇಟ್ಟೆ: ಟಕ್, ಸ್ಕ್ರೀನ್ ಆರಿತು. ಮತ್ತೆ ಬಂತು, ಮತ್ತೆ ಟಕ್. ಹೀಟರ್ ತಣ್ಣಗೇ ಇದೆ. ಪೀಸೇ ಕೆಟ್ಟದ್ದಾ?

ಹೊಸೂರಿನವರು:
ಪೀಸು ಸರಿಯಾಗೇ ಇದೆ. ಮೊದಲು ಎಂಸಿಬಿ (ಬೋರ್ಡಿನ ಸೇಫ್ಟಿ ಸ್ವಿಚ್) ಇಳಿಸಿ, ಆಮೇಲೆ ಓದಿ.
ಆ ಕಪ್ಪು ವೈರು ನ್ಯೂಟ್ರಲ್ ಅಲ್ಲ, ಸಾಕೆಟ್ಟಿಗೆ ಹೋಗೋ ಫೇಸು. ರಿಲೇ (ಥರ್ಮೋಸ್ಟಾಟಿನೊಳಗೆ ಟಕ್ ಅನ್ನೋ ಸ್ವಿಚ್) ಬಿಟ್ಟಿದ್ದಾಗ ಅದು ಹೀಟರ್ ಕಾಯಿಲ್ ಮೂಲಕ ನ್ಯೂಟ್ರಲ್ಲಿಗೆ ಸೇರಿರುತ್ತೆ. 2000 ವ್ಯಾಟಿನ ಕಾಯಿಲ್ ಅಂದ್ರೆ ಸುಮಾರು 26 ಓಮ್ ಅಷ್ಟೇ. ಅದಕ್ಕೇ ಟೆಸ್ಟರ್ ಹತ್ತಲ್ಲ, ಸ್ಕ್ರೀನೂ ಬರುತ್ತೆ. ರಿಲೇ ಕೂಡಿದ ಕ್ಷಣ ಎಲ್‌ಗೂ ಎನ್‌ಗೂ ಒಂದೇ ಫೇಸು, ನಡುವೆ ವೋಲ್ಟೇಜೇ ಇಲ್ಲ. ಥರ್ಮೋಸ್ಟಾಟ್ ಆರುತ್ತೆ, ರಿಲೇ ಬಿಡುತ್ತೆ, ಮತ್ತೆ ಅದೇ. ನಂಬಿಕೆ ಬರದಿದ್ರೆ ಒಂದು ಸಲ ಹೀಟರಿನ ಪ್ಲಗ್ ಕಿತ್ತು ನೋಡಿ, ಸ್ಕ್ರೀನ್ ಬರೋದೇ ಇಲ್ಲ.
ಸಾಕೆಟ್ ಬಾಕ್ಸಿನಿಂದ ನಿಜವಾದ ನ್ಯೂಟ್ರಲ್ ಪೈಪಿನೊಳಗೆ ಎಳೆದು ತಂದು ಎನ್‌ಗೆ ಕೊಡಿ. ಆದರೆ ಆ ತುಂಡು ವೈರನ್ನು ಮೊದಲು ತೆಗೀರಿ. ಅದು ಉಳಿದು ನ್ಯೂಟ್ರಲ್ಲೂ ಬಂದ್ರೆ, ರಿಲೇ ಕೂಡಿದಾಗ ನೇರ ಶಾರ್ಟು. ಇದನ್ನು ಮಾತ್ರ ಮರೀಬೇಡಿ.
ಹೀಟರ್ ಎಳೆಯೋದು 8.7 ಆಂಪ್ಸ್, ರಾತ್ರಿಯೆಲ್ಲ. ಸಾಕೆಟ್ಟಿನ ವೈರು ಎಷ್ಟು ದಪ್ಪ? 2.5 ಸ್ಕ್ವೇರ್ ಎಂಎಂ ತಾಮ್ರ ಇರಲಿ. ಲೈಟಿನ ವೈರಾದ್ರೆ ಬೇಡ, ಲೈಸೆನ್ಸ್ ಇರೋ ವೈರ್‌ಮನ್ ಕರೆಸಿ ಬೇರೆ ಲೈನ್ ಹಾಕಿಸಿ.

ತಾಳವಾಡಿಯವರು:
ನೀವಂದ ಹಾಗೇ, ಪ್ಲಗ್ ಕಿತ್ತರೆ ಸ್ಕ್ರೀನ್ ಬರಲಿಲ್ಲ! ವೈರ್‌ಮನ್ ಬಂದು ತುಂಡು ತೆಗೆದು ನ್ಯೂಟ್ರಲ್ ಎಳೆದ್ರು. ಸಾಕೆಟ್ಟಿಗೆ ಲೈಟಿನ 1 ಎಂಎಂ ವೈರೇ ಇತ್ತು, ಅದನ್ನೂ ಬದಲಾಯಿಸಿದ್ರು. ಈಗ ಸ್ಕ್ರೀನ್ ನಿಂತಿದೆ, ಹೀಟರ್ ಬಿಸಿಯಾಗ್ತಿದೆ.

ಹೊಸೂರಿನವರು:
ಒಳ್ಳೇದಾಯ್ತು. ಅಷ್ಟು ಸಲ ಟಕ್ ಅಂದಿದೆಯಲ್ಲ, ರಿಲೇಯ ಕಾಂಟ್ಯಾಕ್ಟ್ ಅಂಟಿರಬಹುದು. ಅವ್ವ ಮಲಗೋಕೆ ಮುಂಚೆ 10 ಡಿಗ್ರಿಗೆ ಇಳಿಸಿ, ಹೀಟರಿನ ದೀಪ ಆರುತ್ತಾ ನೋಡಿ.

ತಾಳವಾಡಿಯವರು:
ಮೂರು ಸಲ ನೋಡಿದೆ ಅಣ್ಣ, ಮೂರೂ ಸಲ ಆರಿತು. 22ಕ್ಕೆ ಇಟ್ಟಿದ್ದೀನಿ. ಅವ್ವ ನಿದ್ದೆ ಮಾಡ್ತಿದ್ದಾರೆ.